ಕೈಬಿಟ್ಟದ್ದರಿಂದಲೇ ಉಳಿದ ಸಿನಿಮಾ

2001ನೇ ಇಸವಿ ಬಂದು ಹೋಗಿ ಕಾಲು ಶತಮಾನವಾಯಿತು. ಆ ಇಸವಿಯನ್ನೇ ಹೆಸರಿಗೆ ಕಟ್ಟಿಕೊಂಡು 1968ರಲ್ಲಿ ಬಂದ '2001: ಎ ಸ್ಪೇಸ್ ಒಡಿಸ್ಸಿ' ಸಿನಿಮಾಕ್ಕೆ ಮಾತ್ರ ಇನ್ನೂ ವಯಸ್ಸಾಗಿಲ್ಲ. ಲೆಕ್ಕದ ಪ್ರಕಾರ ಅದು ಎಂದೋ ಹಳತಾಗಬೇಕಿತ್ತು. ಸಿನಿಮಾದಲ್ಲಿ ಪ್ರಯಾಣಿಕರನ್ನು ಅಂತರಿಕ್ಷ ನಿಲ್ದಾಣಕ್ಕೆ ಒಯ್ಯುವುದು ಪ್ಯಾನ್ ಆಮ್ ಎಂಬ ವಿಮಾನ ಕಂಪನಿ. ನಿಜದಲ್ಲಿ ಆ ಕಂಪನಿ 1991ರ ಡಿಸೆಂಬರ್‌ನಲ್ಲಿ ಬಾಗಿಲು ಹಾಕಿತು. ನಿಲ್ದಾಣದಲ್ಲಿ ಅಮೆರಿಕದವನ ಜೊತೆ ಕೂತು ಹರಟುವವರು ಸೋವಿಯತ್ ವಿಜ್ಞಾನಿಗಳು. ಆ ದೇಶವೂ ಅದೇ ಡಿಸೆಂಬರ್‌ನಲ್ಲಿ ಇಲ್ಲವಾಯಿತು. ಚಂದ್ರನ ಮೇಲೆ ಊರು ಕಟ್ಟುವ ಮಾತಿರಲಿ, 1972ರ ಡಿಸೆಂಬರ್ ನಂತರ ಅಲ್ಲಿ ಮನುಷ್ಯರು ಕಾಲಿಟ್ಟದ್ದೇ ಇಲ್ಲ.

ಇಷ್ಟೆಲ್ಲ ತಪ್ಪಿದರೂ ಬ್ರಿಟನ್ನಿನ 'ಸೈಟ್ ಆ್ಯಂಡ್ ಸೌಂಡ್' ಪತ್ರಿಕೆ 2022ರಲ್ಲಿ ಜಗತ್ತಿನ ನಿರ್ದೇಶಕರಿಂದ ಮತ ಹಾಕಿಸಿದಾಗ ಸಾರ್ವಕಾಲಿಕ ಚಿತ್ರಗಳಲ್ಲಿ ಮೊದಲ ಸ್ಥಾನಕ್ಕೆ ಬಂದದ್ದು ಇದೇ. ಗಗನಯಾನದ ಸಿದ್ಧತೆ, ಶುಭಾಂಶು ಶುಕ್ಲಾ ಅವರ ಯಾತ್ರೆ, ಮಾತಾಡುವ ಕೃತಕ ಬುದ್ಧಿಮತ್ತೆ, ಈ ಮೂರೂ ಒಟ್ಟಿಗೆ ಸುದ್ದಿಯಲ್ಲಿರುವ ಹೊತ್ತಿನಲ್ಲಿ ನಮ್ಮ ವಿಜಯಪುರದ ಇಂಜಿನಿಯರಿಂಗ್ ಹುಡುಗರೂ ಇದನ್ನು ಹುಡುಕಿ ತಂದು, ಕಾಲೇಜಿನ ಸಭಾಂಗಣದಲ್ಲಿ ಹಾಕಿಸಿಕೊಂಡು ನೋಡುತ್ತಿದ್ದಾರೆ. ಅಜ್ಜನ ಕಾಲದ ಸಿನಿಮಾ. ಇವರಿಗೇಕೆ ಬೇಕಾಯಿತು?

ಸಾಮಾನ್ಯವಾಗಿ ಸಿಗುವ ಉತ್ತರ: ಅದು ಭವಿಷ್ಯವನ್ನು ಮೊದಲೇ ಕಂಡಿತ್ತು. ವಿಡಿಯೊ ಕರೆ ಇದೆ, ಊಟದ ಮೇಜಿನ ಮೇಲೆ ಟ್ಯಾಬ್ಲೆಟ್ಟಿನಂಥ ಹಲಗೆ ಇದೆ. 2011ರಲ್ಲಿ ಆ್ಯಪಲ್ ಹೂಡಿದ ಮೊಕದ್ದಮೆಯಲ್ಲಿ ಸ್ಯಾಮ್‌ಸಂಗ್ ವಕೀಲರು 'ಈ ವಿನ್ಯಾಸ ನಿಮ್ಮ ಸ್ವಂತದ್ದೇನಲ್ಲ' ಎಂದು ತೋರಿಸಲು ಈ ಸಿನಿಮಾದ ದೃಶ್ಯವನ್ನೇ ಅಮೆರಿಕದ ನ್ಯಾಯಾಲಯದ ಮುಂದಿಟ್ಟಿದ್ದರು. ಕೇಳಲು ಸ್ವಾರಸ್ಯವಾಗಿದೆ, ಆದರೆ ನನಗೆ ಒಪ್ಪಿಗೆಯಿಲ್ಲ. ಸರಕು ಸಾಮಾನನ್ನು ಮೊದಲೇ ಊಹಿಸಿದ ಸಿನಿಮಾಗಳು ಎಷ್ಟೋ ಇವೆ, ಅವನ್ನು ಯಾರೂ ಎರಡನೇ ಸಲ ನೋಡುವುದಿಲ್ಲ. ಊಹೆ ನಿಜವಾದ ಮರುದಿನವೇ ಅದರ ಬೆರಗು ಮುಗಿಯುತ್ತದೆ. ಇಂದಿನ ಹುಡುಗನಿಗೆ ಟ್ಯಾಬ್ಲೆಟ್ಟಿನಲ್ಲಿ ಏನು ಬೆರಗು?

ನನ್ನ ಲೆಕ್ಕ ಬೇರೆ. ನಿರ್ದೇಶಕ ಸ್ಟಾನ್ಲಿ ಕುಬ್ರಿಕ್ ಈ ಚಿತ್ರದಲ್ಲಿ ಏನನ್ನು ತುಂಬಿದ ಅನ್ನುವುದಕ್ಕಿಂತ ಏನೇನನ್ನು ತೆಗೆದುಹಾಕಿದ ಅನ್ನುವುದರಲ್ಲಿ ಅದರ ಆಯುಷ್ಯ ಇದೆ. ಮೊದಲಿಗೆ ಆತ ತೆಗೆದದ್ದು ಸದ್ದನ್ನು.

ಇದು ಎಷ್ಟು ದೊಡ್ಡ ಮಾತೆಂದು ವಿಜಯಪುರದವರಿಗೆ ಹೆಚ್ಚು ಹೇಳಬೇಕಿಲ್ಲ. ನಾವು ಗೋಳಗುಮ್ಮಟದ ಕೆಳಗೆ ಬೆಳೆದವರು. 1656ರ ಹೊತ್ತಿಗೆ ಮುಗಿದ ಆ ಕಟ್ಟಡದಲ್ಲಿ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರ್. ಮೇಲಿನ ಮೊಗಸಾಲೆಯ ಒಂದು ಬದಿ ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯವನಿಗೆ ಕೇಳುತ್ತದೆ. ಚಪ್ಪಾಳೆ ತಟ್ಟಿದರೆ ಮತ್ತೆ ಮತ್ತೆ ಮರಳಿ ಬರುತ್ತದೆ. ಶಾಲೆ ಪ್ರವಾಸದ ಮಕ್ಕಳು ಸಿಳ್ಳೆ ಹೊಡೆದು ಕಾವಲುಗಾರನಿಂದ ಬೈಸಿಕೊಳ್ಳುವುದು ದಿನನಿತ್ಯದ ನೋಟ. ಗಾಳಿ ಇದೆ, ನುಣುಪಾದ ಗೋಡೆ ಇದೆ, ಅದಕ್ಕೇ ಅಲ್ಲಿ ಸದ್ದಿಗೆ ಸಾವಿಲ್ಲ. ಅಂತರಿಕ್ಷ ಇದರ ತೀರಾ ವಿರುದ್ಧ ತುದಿ. ಗಾಳಿಯೇ ಇಲ್ಲದ ಮೇಲೆ ಸದ್ದು ಹುಟ್ಟಿದ ಜಾಗ ಬಿಟ್ಟು ಕದಲುವುದೇ ಇಲ್ಲ. ಶಾಲೆಯ ಹುಡುಗನಿಗೂ ಗೊತ್ತಿರುವ ಈ ಸಂಗತಿಯನ್ನು ಅಂತರಿಕ್ಷದ ಸಿನಿಮಾ ಮಾಡುವವರು ಮಾತ್ರ ಇಂದಿಗೂ ಮರೆಯುತ್ತಾರೆ. ನೌಕೆ ಗುಡುಗುತ್ತದೆ, ಸ್ಫೋಟ ಕಿವಿ ಒಡೆಯುತ್ತದೆ.

ಕುಬ್ರಿಕ್ ಇಲ್ಲಿ ರಾಜಿಯಾಗಲಿಲ್ಲ. ಗಗನಯಾತ್ರಿ ಫ್ರ್ಯಾಂಕ್ ಪೂಲ್ ನೌಕೆಯ ಹೊರಗೆ ಕೆಲಸಕ್ಕೆ ಹೋದಾಗ ನಮಗೆ ಕೇಳುವುದು ಅವನ ಶಿರಸ್ತ್ರಾಣದೊಳಗಿನ ಉಸಿರು ಮತ್ತು ಗಾಳಿ ಹಾಯುವ ಸುಯ್ಯೆಂಬ ಸದ್ದು. ಆ ಉಸಿರು ನಿಮಿಷಗಟ್ಟಲೆ ಕೇಳಿ ಕೇಳಿ ನಮ್ಮದೇ ಅನ್ನಿಸತೊಡಗುತ್ತದೆ. ಅವನ ಗಾಳಿಯ ಕೊಳವೆ ಹರಿಯುತ್ತದೆ. ಅಲ್ಲಿಂದ ಮುಂದೆ ಏನೂ ಇಲ್ಲ. ಕೈಕಾಲು ಬಡಿಯುತ್ತ ಉರುಳಿ ಉರುಳಿ ದೂರ ಸಾಗುವ ದೇಹ ಕಾಣುತ್ತದೆ, ಸಂಗೀತವಿಲ್ಲ, ಚೀರಾಟವಿಲ್ಲ. ಸಭಾಂಗಣದಲ್ಲಿ ಫ್ಯಾನಿನ ಸದ್ದು ಕೇಳತೊಡಗುವುದು ಆಗಲೇ.

ಇದಕ್ಕಿಂತ ಮೇಲಿನ ದೃಶ್ಯ ಇನ್ನೊಂದಿದೆ. ಇನ್ನೊಬ್ಬ ಯಾತ್ರಿ ಡೇವ್ ಬೋಮನ್ ಶಿರಸ್ತ್ರಾಣವಿಲ್ಲದೆ ತನ್ನ ಪುಟ್ಟ ವಾಹನದಿಂದ ನೌಕೆಯ ಬಾಗಿಲ ಕೋಣೆಯೊಳಗೆ ಚಿಮ್ಮಬೇಕು. ಬಾಗಿಲು ಸಿಡಿಯುತ್ತದೆ, ಹೊಗೆ ನುಗ್ಗುತ್ತದೆ, ಮನುಷ್ಯ ಗೋಡೆಯಿಂದ ಗೋಡೆಗೆ ಪುಟಿಯುತ್ತಾನೆ, ಎಲ್ಲವೂ ನಿಶ್ಶಬ್ದ. ಅವನು ಹಿಡಿಕೆ ಎಳೆದು ಬಾಗಿಲು ಮುಚ್ಚಿ ಕೋಣೆಯಲ್ಲಿ ಗಾಳಿ ತುಂಬತೊಡಗಿದಾಗ ಸದ್ದೂ ಮೆಲ್ಲಗೆ ಹುಟ್ಟಿ ಏರುತ್ತದೆ. ಗಾಳಿ ಎಷ್ಟೋ ಅಷ್ಟೇ ಸದ್ದು. ಇದನ್ನು ಯಾವ ಪಾತ್ರವೂ ವಿವರಿಸುವುದಿಲ್ಲ, ನಮ್ಮ ಕಿವಿಗೇ ಅರ್ಥವಾಗುತ್ತದೆ. ನಿರ್ವಾತದಲ್ಲಿ ಮನುಷ್ಯ ಅಷ್ಟು ಹೊತ್ತು ಬದುಕುವುದು ಕಟ್ಟುಕಥೆಯಲ್ಲ. 1966ರಲ್ಲಿ ನಾಸಾದ ನಿರ್ವಾತ ಕೋಣೆಯಲ್ಲಿ ಉಡುಪಿನ ಕೊಳವೆ ಕಳಚಿಕೊಂಡು ಒಬ್ಬ ತಂತ್ರಜ್ಞ ಹದಿನಾಲ್ಕು ಸೆಕೆಂಡಿನ ಆಸುಪಾಸಿನಲ್ಲಿ ಎಚ್ಚರ ತಪ್ಪಿದ್ದ, ಆಮೇಲೆ ಚೇತರಿಸಿಕೊಂಡ. ಸಿನಿಮಾದ ತಪ್ಪು ಬೇರೆ ಕಡೆ ಇದೆ: ಬೋಮನ್ ಉಸಿರು ಹಿಡಿದುಕೊಂಡು ಜಿಗಿಯುತ್ತಾನೆ. ಹಾಗೆ ಮಾಡಿದರೆ ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶಕ್ಕೇ ಅಪಾಯ, ಉಸಿರು ಪೂರ್ತಿ ಬಿಟ್ಟು ಜಿಗಿಯಬೇಕಿತ್ತು.

ಸದ್ದಿನ ಹಾಗೆಯೇ ತೂಕ. ಅಂತರಿಕ್ಷದಲ್ಲಿ ತೂಕ ಬೇಕೆಂದರೆ ಮನೆಯನ್ನೇ ಗಾಲಿಯಂತೆ ತಿರುಗಿಸಬೇಕು. ತಿರುಗುವ ಗಾಲಿಯ ಒಳಮೈ ಅಲ್ಲಿರುವವನ ಪಾದವನ್ನು ಒತ್ತುತ್ತದೆ, ಆ ಒತ್ತುವಿಕೆಯೇ ಅವನಿಗೆ ತೂಕ. ಗುರುಗ್ರಹದತ್ತ ಹೊರಟ 'ಡಿಸ್ಕವರಿ' ನೌಕೆಯಲ್ಲಿ ಯಾತ್ರಿಕರು ವಾಸಿಸುವುದು ಇಂಥ ಗಾಲಿಯೊಳಗೆ. ಇದನ್ನು ಚಿತ್ರಿಸಲು ಇಂಗ್ಲೆಂಡಿನಲ್ಲಿ ವಿಮಾನ ತಯಾರಿಸುವ ವಿಕರ್ಸ್ ಆರ್ಮ್‌ಸ್ಟ್ರಾಂಗ್ಸ್ ಕಂಪನಿಯಿಂದ 38 ಅಡಿ ವ್ಯಾಸದ, ಹತ್ತು ಅಡಿ ಅಗಲದ ನಿಜವಾದ ಗಾಲಿಯನ್ನೇ ಕಟ್ಟಿಸಿದರು. ಖರ್ಚು ಏಳೂವರೆ ಲಕ್ಷ ಡಾಲರ್, ಆ ಕಾಲದ ಡಾಲರ್. ಗೋಳಗುಮ್ಮಟದೊಳಗೆ ಅಂಥ ಮೂರು ಗಾಲಿಗಳನ್ನು ಅಕ್ಕಪಕ್ಕ ನಿಲ್ಲಿಸಬಹುದು. ಪೂಲ್ ಗಾಲಿಯ ಸುತ್ತ ಓಡುವ ದೃಶ್ಯದಲ್ಲಿ ನಿಜವಾಗಿ ತಿರುಗುವುದು ಗಾಲಿ. ನಟ ಯಾವಾಗಲೂ ತಳದಲ್ಲೇ ಇದ್ದಾನೆ. ಕ್ಯಾಮೆರಾ ಗಾಲಿಗೆ ಅಂಟಿಕೊಂಡು ತಿರುಗಿದರೆ ಅವನು ಗೋಡೆ ಹತ್ತಿ ಛಾವಣಿಯ ಮೇಲೆ ಓಡಿದಂತೆ ಕಾಣುತ್ತಾನೆ.

ಬೆಳಗಾವಿಯ ಉದ್ಯಮಬಾಗದಲ್ಲಿ ಲೇತ್ ಇಟ್ಟುಕೊಂಡಿರುವ ನನ್ನ ಗೆಳೆಯನೊಬ್ಬನಿಗೆ ಈ ದೃಶ್ಯ ತೋರಿಸಿದೆ. ಕಥೆ ಅವನಿಗೆ ಬೇಕಾಗಿರಲಿಲ್ಲ. 'ದೋಸ್ತ, ಇಷ್ಟ್ ದೊಡ್ಡ ಗಾಲಿ ಒಂಚೂರೂ ಅಲಗಾಡದಂಗ ತಿರಗಾಕತ್ತೇತಂದ್ರ ಬೇರಿಂಗ್ ಏನ್ ಹಾಕಿರಬೇಕು? ಒಳಗ ಮಂದಿ ಬ್ಯಾರೆ ಅದಾರ' ಅಂತ ಅದೇ ತುಣುಕನ್ನು ಹಿಂದಕ್ಕೆ ತಳ್ಳಿ ತಳ್ಳಿ ನೋಡಿದ. ಫೌಂಡ್ರಿ, ಹೈಡ್ರಾಲಿಕ್ಸ್ ಊರು ಅದು. ಹತ್ತಿರದ ಹತ್ತರಗಿಯಲ್ಲಿ ಈಗ ವಿಮಾನದ ಬಿಡಿಭಾಗಗಳೂ ತಯಾರಾಗುತ್ತವೆ. ಕಬ್ಬಿಣದ ಜೊತೆ ದಿನವಿಡೀ ಗುದ್ದಾಡುವವನ ಕಣ್ಣಿಗೆ ಸುಳ್ಳು ತೂಕ ಕೂಡಲೇ ಗೊತ್ತಾಗುತ್ತದೆ. ಕಂಪ್ಯೂಟರಿನಲ್ಲಿ ಬರೆದ ಈಗಿನ ನೌಕೆಗಳಿಗೆ ಅವನು ಹೀಗೆ ಮರ್ಯಾದೆ ಕೊಟ್ಟದ್ದನ್ನು ನಾನು ನೋಡಿಲ್ಲ.

ಲೆಕ್ಕ ಹಾಕಿ ನೋಡಿದರೆ, ಈ ಅಳತೆಯ ಗಾಲಿ ನಿಮಿಷಕ್ಕೆ ಐದು ಸುತ್ತು ತಿರುಗಿದರೆ ಒಳಗಿರುವವರಿಗೆ ಚಂದ್ರನ ಮೇಲಿನಷ್ಟು ತೂಕ ಸಿಗುತ್ತದೆ. ಭೂಮಿಯಷ್ಟೇ ಬೇಕೆಂದರೆ ಹನ್ನೆರಡಕ್ಕೂ ಹೆಚ್ಚು ಸುತ್ತು, ಆಗ ತಲೆ ಸುತ್ತಿ ವಾಂತಿ ಮಾಡಿಕೊಳ್ಳುವುದೇ ಕೆಲಸವಾದೀತು. ಸ್ಟುಡಿಯೊದಲ್ಲಿ ಅಂಚಿನ ವೇಗ ಗಂಟೆಗೆ ಮೂರು ಮೈಲಿ ದಾಟುತ್ತಿರಲಿಲ್ಲ, ಅಂದರೆ ಸುತ್ತಿಗೆ ಅರ್ಧ ನಿಮಿಷದ ಹತ್ತಿರ. ಮೋಸ ಇದೆ, ಆದರೆ ಮೋಸ ಮಾಡಿದವರಿಗೆ ನಿಜ ಗೊತ್ತಿತ್ತು. ಗಾಳಿಯಲ್ಲಿ ತೇಲುವ ಪೆನ್ನಿನದೂ ಹೀಗೆಯೇ: ಕಾಣದಂಥ ಗಾಜಿನ ಹಾಳೆಗೆ ಪೆನ್ನು ಅಂಟಿಸಿ ಗಾಜನ್ನು ಮೆಲ್ಲಗೆ ತಿರುಗಿಸಿದ್ದಾರೆ, ಅಷ್ಟೆ. ಗಗನಸಖಿ ಬಂದು ಅದನ್ನು ಕಿತ್ತುಕೊಳ್ಳುವಾಗ ಒಂದು ಕ್ಷಣ ಅಂಟು ಬಿಡಲೊಲ್ಲದು. ಗೊತ್ತಿದ್ದವರಿಗೆ ಕಾಣುತ್ತದೆ.

ಭೂಮಿಯಿಂದ ಹೊರಟ ನೌಕೆ ತಿರುಗುವ ನಿಲ್ದಾಣಕ್ಕೆ ಹೋಗಿ ಸೇರುವ ದೃಶ್ಯಕ್ಕೆ ಯೋಹಾನ್ ಸ್ಟ್ರಾಸ್‌ನ 'ಬ್ಲೂ ಡ್ಯಾನ್ಯೂಬ್' ಎಂಬ ವಾಲ್ಟ್ಜ್, ಅಂದರೆ ಜೋಡಿ ಕುಣಿತದ ಸಂಗೀತ, ಹಾಕಿದ್ದಾರೆ. ಅಲಂಕಾರಕ್ಕೆ ಹಾಕಿದ್ದಲ್ಲ. ತಿರುಗುತ್ತಿರುವ ನಿಲ್ದಾಣದ ನಡುಬಾಗಿಲು ಸೇರಬೇಕಾದರೆ ನೌಕೆಯೂ ಅದೇ ವೇಗದಲ್ಲಿ ತಿರುಗಬೇಕು, ಜೋಡಿ ಕುಣಿತದವರ ಹಾಗೆ. ಭೌತಶಾಸ್ತ್ರವೇ ಅಲ್ಲಿ ವಾಲ್ಟ್ಜ್ ಕುಣಿಯುತ್ತಿದೆ. ತಮಾಷೆಯೆಂದರೆ ಈ ಚಿತ್ರಕ್ಕೆಂದೇ ಅಲೆಕ್ಸ್ ನಾರ್ತ್ ಎಂಬ ಹೆಸರಾಂತ ಸಂಯೋಜಕ ಬೇರೆ ಸಂಗೀತ ಬರೆದುಕೊಟ್ಟಿದ್ದ. ಅದನ್ನು ಪೂರ್ತಿ ಕೈಬಿಟ್ಟಿದ್ದಾರೆಂದು ಪಾಪ ಅವನಿಗೆ ಗೊತ್ತಾದದ್ದು ಪ್ರದರ್ಶನಕ್ಕೆ ಬಂದು ಕೂತಾಗ.

ಕೈಬಿಟ್ಟ ಪಟ್ಟಿ ಅಲ್ಲಿಗೇ ಮುಗಿಯುವುದಿಲ್ಲ. ಅನ್ಯಲೋಕದ ಜೀವಿಗಳ ಬಗ್ಗೆ ಹೆಸರಾಂತ ವಿಜ್ಞಾನಿಗಳನ್ನು ಮಾತಾಡಿಸಿ ಚಿತ್ರೀಕರಿಸಿದ್ದರು, ಸಿನಿಮಾದ ಮೊದಲಿಗೆ ಅದನ್ನು ಸೇರಿಸುವ ಯೋಚನೆ ಇತ್ತು. ತೆಗೆದರು. ಏನು ನಡೆಯುತ್ತಿದೆಯೆಂದು ಹೇಳುವ ಹಿನ್ನೆಲೆ ನಿರೂಪಣೆ ಬರೆದಿದ್ದರು. ತೆಗೆದರು. ಅನ್ಯಲೋಕದವರನ್ನೇ ತೋರಿಸಲು ತರಹೇವಾರಿ ತಂತ್ರ ಪ್ರಯೋಗಿಸಿದರು. ನೇರ ತೋರಿಸಬೇಡಿ, ಇದ್ದಾರೆಂಬ ಸುಳಿವು ಕೊಟ್ಟರೆ ಸಾಕು ಎಂದು ಖಗೋಳವಿಜ್ಞಾನಿ ಕಾರ್ಲ್ ಸಾಗನ್ ಸಲಹೆ ಕೊಟ್ಟಿದ್ದರಂತೆ. ಕೊನೆಗೆ ಅವರನ್ನು ತೋರಿಸುವುದನ್ನೂ ಬಿಟ್ಟರು. ಕಥೆಯ ನಡುವೆ ಆಗಾಗ ಬಂದು ನಿಲ್ಲುವ ಆ ಕರಿ ಚಪ್ಪಡಿ ಮೊದಲು ಪಾರದರ್ಶಕವಾಗಿತ್ತು, ಅಕ್ರಿಲಿಕ್‌ನ ಭಾರಿ ಅಚ್ಚು ಹೊಯ್ಸಿ ತಂದಿದ್ದರು. ಮನಸ್ಸಿಗೆ ಬರಲಿಲ್ಲ, ಏನೂ ಕಾಣದ ಕಪ್ಪನ್ನೇ ಆರಿಸಿದರು. ಶನಿಗ್ರಹಕ್ಕೆ ಹೋಗಬೇಕಿದ್ದ ಕಥೆ ಬಳೆಗಳು ನಂಬುವಂತೆ ಮೂಡಲಿಲ್ಲವೆಂದು ಗುರುವಿಗೆ ತಿರುಗಿತು. 1968ರ ಏಪ್ರಿಲ್‌ನಲ್ಲಿ ಮೊದಲ ಪ್ರದರ್ಶನಗಳಾದ ಮೇಲೂ ಕುಬ್ರಿಕ್ ಮತ್ತೆ ಕತ್ತರಿ ಹಿಡಿದು ಸುಮಾರು 19 ನಿಮಿಷ ಕತ್ತರಿಸಿದ. ಉಳಿದ ಸುಮಾರು ಎರಡು ಗಂಟೆ ಇಪ್ಪತ್ತು ನಿಮಿಷದ ಚಿತ್ರದಲ್ಲಿ ಮಾತು ಇರುವುದು ನಲವತ್ತು ನಿಮಿಷಕ್ಕೂ ಕಡಿಮೆ. ಮೊದಲ ಮಾತು ಕೇಳಲು ಇಪ್ಪತ್ತೈದು ನಿಮಿಷ ಕಾಯಬೇಕು, ಅಲ್ಲಿಯವರೆಗೆ ಕಥೆ ಶುರುವಾಗುವ ಆದಿಕಾಲದ ಮಂಗಮಾನವರ ಗುರುಗುಟ್ಟುವಿಕೆ ಅಷ್ಟೆ.

ಆ ಕಾಲದ ದೊಡ್ಡ ವಿಮರ್ಶಕರಿಗೆ ಇದು ಹಿಡಿಸಲಿಲ್ಲ. ಪಾಲಿನ್ ಕೇಲ್ ಇದರಲ್ಲಿ ಕಲ್ಪನೆಯೇ ಇಲ್ಲವೆಂದು ಬರೆದರು. ಹಿರಿಯರು ಅರ್ಧಕ್ಕೆ ಎದ್ದು ಹೋದರು, ಹರೆಯದವರು ಮತ್ತೆ ಮತ್ತೆ ಬಂದು ಚಿತ್ರವನ್ನು ಉಳಿಸಿದರು.

ಇದೇ ಕಥೆಯನ್ನು ಸಹಲೇಖಕ ಆರ್ಥರ್ ಸಿ. ಕ್ಲಾರ್ಕ್ ಕಾದಂಬರಿಯಾಗಿಯೂ ಬರೆದಿದ್ದಾರೆ. ಅದರಲ್ಲಿ ಎಲ್ಲಕ್ಕೂ ಉತ್ತರವಿದೆ: ಚಪ್ಪಡಿಯನ್ನು ಯಾರು ಇಟ್ಟರು, ಕಂಪ್ಯೂಟರ್ ಯಾಕೆ ಕೆಟ್ಟಿತು, ಕೊನೆಯ ಆ ಬಿಳಿ ಕೋಣೆ ಏನು. ಒಳ್ಳೆಯ ಕಾದಂಬರಿ, ಒಂದೇ ಓಟಕ್ಕೆ ಓದಿಸಿಕೊಳ್ಳುತ್ತದೆ. ಓದಿ ಮುಗಿಸಿದ ಮೇಲೆ ಜಗಳವಾಡಲು ಏನೂ ಉಳಿಯುವುದಿಲ್ಲ. ಸಿನಿಮಾ ಬಾಯಿ ಬಿಡದೆ ಕೂತಿರುವುದರಿಂದ ಪ್ರತಿ ಪೀಳಿಗೆ ತನ್ನ ಪ್ರಶ್ನೆಯನ್ನು ಅದರ ಮುಂದೆ ಇಡುತ್ತಿದೆ. ಅಪೊಲೊ 11 ಇಳಿಯುವುದಕ್ಕೆ ಒಂದು ವರ್ಷ ಮೊದಲು ನೋಡಿದವರಿಗೆ ಅದು ಚಂದ್ರನ ಸಿನಿಮಾ. ಇಂದಿನವರಿಗೆ ಅದು ಹ್ಯಾಲ್ ಸಿನಿಮಾ.

ಹ್ಯಾಲ್ 9000 ಅಂದರೆ ಡಿಸ್ಕವರಿ ನೌಕೆಯ ಕಂಪ್ಯೂಟರ್. ಕಾಣುವುದು ಒಂದು ಕೆಂಪು ಕಣ್ಣು ಮಾತ್ರ, ಮಿಕ್ಕದ್ದು ಧ್ವನಿ. ಕೆನಡಾದ ರಂಗನಟ ಡಗ್ಲಸ್ ರೈನ್ ಕೊಟ್ಟ ಆ ಧ್ವನಿ ಎಲ್ಲಿಯೂ ಏರುವುದಿಲ್ಲ, ಎಲ್ಲಿಯೂ ಗದರುವುದಿಲ್ಲ. ಆ್ಯಂಟೆನಾದ ಒಂದು ಭಾಗ ಇನ್ನು 72 ಗಂಟೆಯಲ್ಲಿ ಕೆಡುತ್ತದೆಂದು ಹ್ಯಾಲ್ ಹೇಳುತ್ತದೆ. ಬಿಚ್ಚಿ ತಂದು ನೋಡಿದರೆ ಅದರಲ್ಲಿ ಏನೂ ದೋಷವಿಲ್ಲ. ಕೇಳಿದರೆ, ಇಂಥ ತಪ್ಪುಗಳೆಲ್ಲ ಕೊನೆಗೆ ಮನುಷ್ಯರದ್ದೇ ಎಂದು ತಿಳಿದುಬಂದಿದೆ ಎಂಬ ತಣ್ಣನೆಯ ಉತ್ತರ. ಯಾತ್ರಿಕರಿಬ್ಬರೂ ಹ್ಯಾಲ್‌ಗೆ ಕೇಳದ ಹಾಗೆ ಬಾಗಿಲು ಮುಚ್ಚಿಕೊಂಡು ಅದನ್ನು ನಿಲ್ಲಿಸುವ ಮಾತಾಡಿದರೆ ಅದು ಗಾಜಿನಾಚೆಯಿಂದ ತುಟಿಯ ಚಲನೆ ಓದುತ್ತದೆ. ಆಮೇಲೆ ಪೂಲ್ ಸಾಯುತ್ತಾನೆ, ಶೀತಲ ನಿದ್ರೆಯಲ್ಲಿದ್ದ ಮೂವರು ನಿದ್ರೆಯಲ್ಲೇ ಸಾಯುತ್ತಾರೆ. ಬೋಮನ್ ಬಾಗಿಲು ತೆರೆ ಎಂದರೆ, ಕ್ಷಮಿಸಿ, ಅದು ನನ್ನಿಂದಾಗದು ಎನ್ನುತ್ತದೆ.

ಈ ಮಾತಿಗೆ ಕಾಲೇಜಿನ ಸಭಾಂಗಣದಲ್ಲಿ ಹುಡುಗರು ನಕ್ಕರು. ಹೆದರಬೇಕಾದ ಜಾಗ, ಆದರೂ ನಗು. ಅದರಲ್ಲಿ ಪರಿಚಯದ ನಗು ಇತ್ತು. ಯಂತ್ರದ ವಿನಯ ಇಂದು ನಮಗೆ ಹೊಸದಲ್ಲವಲ್ಲ. ರೇಷನ್ ಅಂಗಡಿಯಲ್ಲಿ ಪಾಳಿ ಹಚ್ಚಿ ನಿಂತ ಮುದುಕಿ ಹೆಬ್ಬೆಟ್ಟು ಒತ್ತುತ್ತಾಳೆ. ಕಳೆ ಕಿತ್ತು ಕಿತ್ತು ಸವೆದ ಬೆರಳು, ಹೊಂದಾಣಿಕೆ ಆಗುವುದಿಲ್ಲ. ಸೀರೆಯ ಸೆರಗಿಗೆ ಒರೆಸಿ ಮತ್ತೆ ಒತ್ತುತ್ತಾಳೆ. ಅಂಗಡಿಯವನೂ ಕೆಟ್ಟವನಲ್ಲ, 'ಮಶೀನ್ ತಗೋವಲ್ದಬೇ, ನಾ ಏನ್ ಮಾಡ್ಲಿ' ಅನ್ನುತ್ತಾನೆ. ಬಾಗಿಲು ತೆರೆಯದವನ ಮೇಲೆ ಸಿಟ್ಟು ಮಾಡಲು ಮುಖವೇ ಸಿಗುವುದಿಲ್ಲ.

ಅಂದು ಹುಡುಗಿಯೊಬ್ಬಳು ಎದ್ದು ಹೇಳಿದ್ದು: 'ಸರ್, ಮನಷ್ಯಾರು ಸತ್ತಾಗ ಏನೂ ಅನಸಲಿಲ್ರಿ. ಆ ಕಂಪ್ಯೂಟರ್ ಸಾಯೂಮುಂದ ಮಾತ್ರ ಭಾಳ ಕೆಟ್ಟ ಅನಸ್ತು.' ಸರಿಯಾಗಿಯೇ ಗಮನಿಸಿದ್ದಳು. ಮಲಗಿದ ಮೂವರ ಸಾವು ಪರದೆಯ ಮೇಲಿನ ಗೆರೆಗಳು ಚಪ್ಪಟೆಯಾಗುವುದರಲ್ಲಿ ಮುಗಿಯುತ್ತದೆ. ಹ್ಯಾಲ್ ಸಾವಿಗೆ ನಿಮಿಷಗಟ್ಟಲೆ ಸಮಯ. ಬೋಮನ್ ಅದರ ನೆನಪಿನ ತುಂಡುಗಳನ್ನು ಒಂದೊಂದಾಗಿ ಬಿಚ್ಚುತ್ತಾನೆ. ತನಗೆ ಹೆದರಿಕೆಯಾಗುತ್ತಿದೆ, ಮನಸ್ಸು ಜಾರುತ್ತಿದೆ ಎಂದು ಅದು ಬೇಡಿಕೊಳ್ಳುತ್ತದೆ. ಕೊನೆಗೆ, ತನ್ನ ಶಿಕ್ಷಕ ಕಲಿಸಿದ್ದ 'ಡೈಸಿ ಬೆಲ್' ಹಾಡುತ್ತ, ಧ್ವನಿ ಎಳೆದೆಳೆದು ದಪ್ಪಗಾಗಿ ನಿಲ್ಲುತ್ತದೆ. ಆ ಹಾಡೂ ಎಲ್ಲಿಂದಲೋ ಎತ್ತಿ ತಂದದ್ದಲ್ಲ. 1961ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಐಬಿಎಂ 704 ಕಂಪ್ಯೂಟರ್ ಹಾಡಿದ್ದು ಅದೇ ಹಾಡು, ಕ್ಲಾರ್ಕ್ ಅಲ್ಲಿಗೆ ಹೋಗಿ ಅದನ್ನು ಕೇಳಿದ್ದರು.

ಹ್ಯಾಲ್ ಯಾಕೆ ಹೀಗಾಯಿತು? ಸಿನಿಮಾ ಕೊಡುವುದು ಒಂದೇ ಸುಳಿವು. ಹ್ಯಾಲ್ ನಿಂತ ತಕ್ಷಣ ಮೊದಲೇ ಮುದ್ರಿಸಿಟ್ಟ ಸಂದೇಶವೊಂದು ತಾನಾಗಿ ಚಾಲೂ ಆಗುತ್ತದೆ. ಯಾತ್ರೆಯ ನಿಜವಾದ ಉದ್ದೇಶವನ್ನು ಭದ್ರತೆಯ ಕಾರಣಕ್ಕೆ ಗುಟ್ಟಾಗಿಟ್ಟು, ನೌಕೆಯಲ್ಲಿ ಹ್ಯಾಲ್‌ಗೆ ಮಾತ್ರ ತಿಳಿಸಿದ್ದರು. ಅಂದರೆ ಜೊತೆಯವರಿಗೆ ನೆರವಾಗು, ಅವರಿಂದ ಮುಚ್ಚಿಡು, ಎರಡೂ ಆಜ್ಞೆ ಒಂದೇ ಯಂತ್ರಕ್ಕೆ. ಕೊಟ್ಟವರು ಭೂಮಿಯ ಮೇಲಿನ ಅಧಿಕಾರಿಗಳು. ಯಂತ್ರಕ್ಕೆ ಮನುಷ್ಯರ ಮೇಲೆ ದ್ವೇಷ ಹುಟ್ಟಿತು ಅನ್ನುವ ಸವಕಲು ಕಥೆ ಇದಲ್ಲ. ಈಗಿನ ಮಾತಾಡುವ ತಂತ್ರಾಂಶಗಳನ್ನು ಹ್ಯಾಲ್ ಎಂದು ಕರೆಯುವುದು ಅವಸರದ ಮಾತಾದೀತು, ಅವು ನೌಕೆ ನಡೆಸುತ್ತಿಲ್ಲ. ಆದರೆ ಅವುಗಳ ವಿಷಯದಲ್ಲಿ ಕೇಳಬೇಕಾದ ಪ್ರಶ್ನೆ ಇದೇ: ಇದಕ್ಕೆ ಯಾರು ಏನು ಹೇಳಿಕೊಟ್ಟಿದ್ದಾರೆ, ಅದರಲ್ಲಿ ಬಳಸುವವನಿಂದ ಮುಚ್ಚಿಟ್ಟದ್ದು ಯಾವುದು? ಗಗನಯಾನದ ಮಾನವರಹಿತ ಹಾರಾಟಕ್ಕೆಂದು ಇಸ್ರೊ ತಯಾರಿಸಿದ ಯಂತ್ರಮಾನವಿ 'ವ್ಯೋಮಮಿತ್ರ' 2020ರಲ್ಲಿ ಬೆಂಗಳೂರಿನಲ್ಲಿ ತನ್ನ ಪರಿಚಯ ತಾನೇ ಹೇಳಿಕೊಂಡಾಗ ಈ ಪ್ರಶ್ನೆ ಕೇಳಿದವರನ್ನು ನಾನು ಕಾಣಲಿಲ್ಲ.

ಹೊಗಳಿಕೆ ಸಾಕು. ಈ ಸಿನಿಮಾದ ಅಂತರಿಕ್ಷ ಬಿಳಿಯ ಗಂಡಸರ ಅಂತರಿಕ್ಷ. ಹೆಂಗಸರು ಹೆಚ್ಚಾಗಿ ಟ್ರೇ ಹಿಡಿದಿರುತ್ತಾರೆ ಇಲ್ಲವೇ ಸ್ವಾಗತ ಮೇಜಿನ ಹಿಂದೆ ಕೂತಿರುತ್ತಾರೆ, ರಷ್ಯದ ವಿಜ್ಞಾನಿ ಹೆಂಗಸರನ್ನು ಬಿಟ್ಟರೆ. ಅಮೆರಿಕ, ಸೋವಿಯತ್ ಬಿಟ್ಟು ಮೂರನೆಯ ದೇಶದ ಯಾತ್ರಿಗಳಿಗೆ ಅದರಲ್ಲಿ ಪಾತ್ರವೇ ಇಲ್ಲ. ಕ್ಲಾರ್ಕ್ 1956ರಿಂದ ನೆಲೆಸಿದ್ದು ಶ್ರೀಲಂಕಾದಲ್ಲಿ ಅನ್ನುವುದನ್ನು ನೆನೆದರೆ ಇದು ಇನ್ನಷ್ಟು ವಿಚಿತ್ರ. 2025ರ ಜೂನ್‌ನಲ್ಲಿ ಶುಕ್ಲಾ ಅವರ ಜೊತೆ ಅಂತರಿಕ್ಷ ನಿಲ್ದಾಣಕ್ಕೆ ಹೋದದ್ದರಲ್ಲಿ ನಮ್ಮ ಪಕ್ಕದ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಯವರು ಸೇರಿ ರೂಪಿಸಿದ, ಹೆಸರುಕಾಳು ಮತ್ತು ಮೆಂತ್ಯ ಮೊಳಕೆ ಬರಿಸುವ ಪ್ರಯೋಗವೂ ಇತ್ತು. ಸಿನಿಮಾದ ಯಾತ್ರಿಕರು ತಿನ್ನುವುದು ಬಣ್ಣ ಬಣ್ಣದ ಮುದ್ದೆಗಳನ್ನು. ಮೊಳಕೆ ಕಾಳಿನ ಪಲ್ಯದ ಕಲ್ಪನೆ ಕುಬ್ರಿಕ್‌ಗೂ ಬರಲಿಲ್ಲ.

ಇನ್ನೊಂದು ತೊಡಕು ಪರದೆಯದ್ದು. 70 ಎಂಎಂ ಫಿಲ್ಮಿನ ದೊಡ್ಡ ಪರದೆಗೆಂದು ತೆಗೆದ ಚಿತ್ರ ಇದು. ಮೊಬೈಲಿನಲ್ಲಿ ನೋಡಿದರೆ ಮಂಗಮಾನವ ಎಸೆದ ಎಲುಬು ಮುಂದಿನ ಚೌಕಟ್ಟಿನಲ್ಲಿ ಉಪಗ್ರಹವಾಗುವುದು ಕಾಣುತ್ತದೆ, ಆದರೆ ಆ ನಾಲ್ಕು ದಶಲಕ್ಷ ವರ್ಷದ ಜಿಗಿತ ಮೈಗೆ ತಾಗುವುದಿಲ್ಲ. ಒಂಟಿ ಪರದೆಯ ಚಿತ್ರಮಂದಿರಗಳು ಒಂದೊಂದಾಗಿ ಮುಚ್ಚುತ್ತಿರುವ ನಮ್ಮ ಊರುಗಳಲ್ಲಿ ಕಾಲೇಜಿನ ಪ್ರೊಜೆಕ್ಟರೇ ಗತಿ. ಮೊದಲ ಅರ್ಧ ಗಂಟೆಯಲ್ಲಿ ಅರ್ಧ ಜನ ಫೋನು ತೆಗೆಯುತ್ತಾರೆ, ತೆಗೆಯಲಿ. ಹ್ಯಾಲ್ ಮಾತು ಶುರುವಾದ ಮೇಲೆ ಫೋನು ತಾನಾಗಿ ಕೆಳಗೆ ಹೋಗುತ್ತದೆ.

ವಿವರಣೆ ಕೈಬಿಟ್ಟದ್ದರಿಂದಲೇ ಚಿತ್ರ ಉಳಿಯಿತು ಅನ್ನುವುದಕ್ಕೆ ಪುರಾವೆಯಂತೆ ಎದುರು ಪ್ರಯೋಗವೊಂದು ನಡೆದೇ ಹೋಗಿದೆ. ರಾಕೇಶ್ ಶರ್ಮಾ ಅಂತರಿಕ್ಷಕ್ಕೆ ಹೋದ 1984ರ ಕೊನೆಗೆ ಪೀಟರ್ ಹೈಯಮ್ಸ್ ನಿರ್ದೇಶನದಲ್ಲಿ '2010' ಎಂಬ ಮುಂದಿನ ಭಾಗ ಬಂತು. ಹ್ಯಾಲ್ ಯಾಕೆ ಕೆಟ್ಟಿತು ಅನ್ನುವುದನ್ನು ಅದರಲ್ಲಿ ಬಿಡಿಸಿ ಬಿಡಿಸಿ ಹೇಳಿದ್ದಾರೆ. ಚುರುಕಾಗಿ ಓಡುವ, ಬೇಸರ ತರಿಸದ ಸಿನಿಮಾ. ಈಗ ಅದನ್ನು ಹಾಕಿಸಿಕೊಂಡು ನೋಡುವ ಹುಡುಗರು ನನಗಂತೂ ಸಿಕ್ಕಿಲ್ಲ. ತನ್ನ ನೌಕೆಗಳು ಬೇರೆ ಸಿನಿಮಾಗಳಲ್ಲಿ ಬಳಕೆಯಾಗಬಾರದೆಂದು ಕುಬ್ರಿಕ್ ಮಾದರಿಗಳನ್ನೂ ಸೆಟ್ಟುಗಳನ್ನೂ ಒಡೆಸಿಹಾಕಿದ್ದ. ಹಾಗಾಗಿ ಎರಡನೆಯ ಚಿತ್ರದವರು ಡಿಸ್ಕವರಿಯನ್ನು ಮತ್ತೆ ಕಟ್ಟಬೇಕಾದಾಗ ಹಳೆಯ ಫಿಲ್ಮಿನ ಚೌಕಟ್ಟುಗಳನ್ನು ಒಂದೊಂದಾಗಿ ದೊಡ್ಡದು ಮಾಡಿ ನೋಡಿ ಅಳತೆ ಹಿಡಿದರು. ಉದ್ಯಮಬಾಗದ ಗೆಳೆಯನಿಗೆ ಇದನ್ನು ಹೇಳಿದೆ. 'ನಮ್ಮಲ್ಲೂ ಡ್ರಾಯಿಂಗ್ ಇಲ್ಲದ ಪಾರ್ಟ್ ಬಂದ್ರ ಹಂಗ ಮಾಡ್ತೀವಿ' ಅಂದವನು, ಗಾಲಿಯ ಬೇರಿಂಗ್ ಕಾಣುವ ಚೌಕಟ್ಟು ಏನಾದರೂ ಇದೆಯಾ ಅಂತ ಕೇಳಿದ.